ಮುನ್ನೂರು ರೂಪಾಯಿಯ ಮೋಟಾರು: ಪುಟ್ಟ ಕಾರು ಕಟ್ಟುವ ಸ್ನೇಹಸ್ಪರ್ಧೆ

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸುವುದು ಎಂಬ ಚರ್ಚೆ ಎಲ್ಲ ಮನೆಗಳಲ್ಲೂ ಆರಂಭವಾಗುತ್ತದೆ. ಶಿಬಿರಗಳಿಗೆ ಶುಲ್ಕವುಂಟು, ಹವ್ಯಾಸಗಳಿಗೂ ಇಂದು ಬೆಲೆಯುಂಟು. ಶಾಲೆಯಲ್ಲಿ ಕೊಡುವ 'ಪ್ರಾಜೆಕ್ಟ್' ಕೂಡ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಕಾಲವಿದು. ಹಣ ಕೊಟ್ಟರೆ ಜ್ವಾಲಾಮುಖಿಯೂ ಬರುತ್ತದೆ, ಸೌರಮಂಡಲವೂ ಬರುತ್ತದೆ. ಮಗುವಿನ ಕೈಗೆ ಮಾತ್ರ ಕೆಲಸ ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ ನಾಲ್ಕಾರು ಮನೆಗಳವರು ಸೇರಿ, ಕಡಿಮೆ ಖರ್ಚಿನಲ್ಲಿ, ನಗುನಗುತ್ತಾ ನಡೆಸಬಹುದಾದ ಒಂದು ಸ್ಪರ್ಧೆಯನ್ನು ಓದುಗ ಬಂಧುಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ನಿಗದಿತ ಮೊತ್ತವನ್ನು ಮೀರದೆ, ನಿಜವಾದ ಕಾರಿನ ಪ್ರಮಾಣಬದ್ಧ ಮಾದರಿಯನ್ನು ಮನೆಯಲ್ಲೇ ಕಟ್ಟುವ ಸ್ಪರ್ಧೆ ಇದು.

ಆಟಿಕೆಗೂ ಮಾದರಿಗೂ ಇರುವ ಅಂತರ

ಆಟಿಕೆಯ ಕಾರಿಗೆ ನಾಲ್ಕು ಚಕ್ರವಿದ್ದು ಉರುಳಿದರೆ ಸಾಕು. ಮಾದರಿ ಹಾಗಲ್ಲ. ನಿಜವಾದ ವಾಹನದ ಉದ್ದ, ಅಗಲ, ಎತ್ತರ, ಚಕ್ರಗಳ ನಡುವಿನ ಅಂತರ, ಕಿಟಕಿಯ ಆಕಾರ ಇವೆಲ್ಲವೂ ಅದರಲ್ಲಿ ಒಂದೇ ಅನುಪಾತದಲ್ಲಿ ಕುಗ್ಗಿರಬೇಕು. ಈ ಅನುಪಾತವನ್ನೇ 'ಸ್ಕೇಲ್' ಎನ್ನುತ್ತಾರೆ. 1:24 ಎಂದರೆ ನಿಜವಾದ ಕಾರಿನ 24 ಅಂಗುಲ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಅಂದರೆ ಒಂದು ಅಡಿಗೆ ಅರ್ಧ ಅಂಗುಲ. ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ 1:43 ಎಂಬ ವಿಚಿತ್ರ ಸಂಖ್ಯೆ ಆಟಿಕೆ ರೈಲುಗಳಿಂದ ಬಂದದ್ದು. ಅಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಎಂಬ ಲೆಕ್ಕವಿತ್ತು, 304.8 ಮಿ.ಮೀ.ಗಳನ್ನು ಏಳರಿಂದ ಭಾಗಿಸಿದರೆ 43ಕ್ಕೆ ಸ್ವಲ್ಪ ಹೆಚ್ಚು ಬರುತ್ತದೆ. ಮಕ್ಕಳ ಅಂಗೈಯಲ್ಲಿ ಹಿಡಿಸುವ ಲೋಹದ ಪುಟ್ಟ ಕಾರುಗಳು ಹೆಚ್ಚುಕಡಿಮೆ 1:64ರವು. ಕೈಯಿಂದ ಕತ್ತರಿಸಿ ಕಟ್ಟುವವರಿಗೆ 1:24 ಅನುಕೂಲ. ಕಾರು ಮೇಜಿನ ಮೇಲೆ ಒಂದು ಗೇಣಿನೊಳಗೆ ನಿಲ್ಲುತ್ತದೆ, ಬಾಗಿಲಿನ ಹಿಡಿಯಂಥ ಸಣ್ಣ ವಿವರಗಳೂ ಕಣ್ಣಿಗೆ ಕಾಣುತ್ತವೆ.

ಅಂಗಡಿಯಲ್ಲಿ ದೊರೆಯುವ ವಿದೇಶೀ ಪ್ಲಾಸ್ಟಿಕ್ ಕಿಟ್‌ಗಳು ಬಹು ಸೊಗಸಾಗಿರುತ್ತವೆ, ನಿಜ. ಆದರೆ ಅವುಗಳ ಬೆಲೆ ಸಾವಿರಾರು ರೂಪಾಯಿ. ಅದರ ಮೇಲೆ ಬಣ್ಣ, ಅಂಟು, ಸಿಂಪಡಿಸುವ ಯಂತ್ರ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಅಂಥ ಸ್ಪರ್ಧೆಯಲ್ಲಿ ಗೆಲ್ಲುವುದು ಕೈಯೋ ಜೇಬೋ ಎಂಬ ಸಂದೇಹ ಉಳಿದೇ ಉಳಿಯುತ್ತದೆ.

ಮಿತಿ ಎಂಬ ಉಪಾಯ

ಎಲ್ಲರಿಗೂ ಒಂದೇ ಮಿತಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ನಿದರ್ಶನಗಳಿವೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬುವರು ಕಬ್ ಸ್ಕೌಟ್ ಮಕ್ಕಳ ತಂಡವೊಂದನ್ನು ನಡೆಸುತ್ತಿದ್ದರು. ಮಕ್ಕಳು ತಾವೇ ಕಟ್ಟಿದ ಕಾರಿನೊಳಗೆ ಕುಳಿತು ಇಳಿಜಾರಿನಲ್ಲಿ ಓಡಿಸುವ 'ಸೋಪ್ ಬಾಕ್ಸ್ ಡರ್ಬಿ' ಎಂಬ ಪಂದ್ಯ ಆಗ ಬಹಳ ಜನಪ್ರಿಯವಾಗಿತ್ತು. ಅದಕ್ಕೆ ಸೇರಲು ಮರ್ಫಿಯವರ ಹತ್ತು ವರ್ಷದ ಮಗನಿಗೆ ವಯಸ್ಸು ಸಾಲದು. ಆ ವಯಸ್ಸಿನ ಮಕ್ಕಳಿಗೂ ಒಂದು ಪಂದ್ಯವಿರಲೆಂದು ಅವರು ಮರದ ಪುಟ್ಟ ಕಾರುಗಳ ಓಟವನ್ನು ಕಲ್ಪಿಸಿ, 1953ರ ಮೇ 15ರಂದು ಮೊದಲ ಬಾರಿಗೆ ನಡೆಸಿದರು. ಅದೇ 'ಪೈನ್‌ವುಡ್ ಡರ್ಬಿ'. ಪ್ರತಿ ಮಗುವಿಗೂ ಕೊಡುವುದು ಏಳು ಅಂಗುಲದ ಪೈನ್ ಮರದ ತುಂಡು, ನಾಲ್ಕು ಚಕ್ರ, ಅವುಗಳಿಗೆ ಅಚ್ಚಾಗುವ ಮೊಳೆ, ಇಷ್ಟೇ. ಸಿದ್ಧವಾದ ಕಾರಿನ ತೂಕ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಸಾಮಗ್ರಿ ಎಲ್ಲರಿಗೂ ಒಂದೇ. ಅದರಲ್ಲಿ ಏನು ಕಾಣುತ್ತಾನೆ ಎಂಬುದು ಆಯಾ ಮಗುವಿಗೆ ಬಿಟ್ಟದ್ದು. ಏಳು ದಶಕಗಳು ಕಳೆದರೂ ಈ ಓಟ ಅಲ್ಲಿ ನಡೆಯುತ್ತಲೇ ಇದೆ.

ಎರಡನೆಯ ನಿದರ್ಶನ ನೋವಿನದು. ಒಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ನಡೆಯುವ ಸೋಪ್ ಬಾಕ್ಸ್ ಡರ್ಬಿಯನ್ನು 1973ರಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಗೆದ್ದ. ಕಾರಿಗೆ ಮಾಡಬಹುದಾದ ಖರ್ಚಿಗೆ ನಿಯಮದಲ್ಲೇ ಮಿತಿಯಿತ್ತು. ಆದರೆ ಆತನ ಕಾರನ್ನು ಎಕ್ಸ್‌ರೇ ಮೂಲಕ ಪರೀಕ್ಷಿಸಿದಾಗ ಮೂತಿಯೊಳಗೆ ವಿದ್ಯುತ್ ಆಯಸ್ಕಾಂತವೊಂದು ಅಡಗಿರುವುದು ಕಂಡುಬಂತು. ಓಟದ ಆರಂಭದಲ್ಲಿ ಕಾರುಗಳನ್ನು ತಡೆದು ನಿಲ್ಲಿಸುವ ಉಕ್ಕಿನ ಹಲಗೆ ಮುಂದಕ್ಕೆ ಬೀಳುವಾಗ, ಅದು ಕಾರನ್ನೂ ಜೊತೆಗೆ ಸೆಳೆಯುವಂತೆ ಈ ಉಪಾಯ ಹೂಡಲಾಗಿತ್ತು. ಇದರ ಹಿಂದೆ ಇದ್ದುದು ಮನೆಯ ಹಿರಿಯರೇ; ಮಿತಿಗಿಂತ ಎಷ್ಟೋ ಪಾಲು ಹೆಚ್ಚು ಹಣವೂ ಆ ಕಾರಿಗೆ ಸಂದಿತ್ತು. ಪ್ರಶಸ್ತಿ ಹೋಯಿತು, ಊರೆಲ್ಲ ಬೆರಳು ತೋರಿಸಿದ್ದು ಬಾಲಕನ ಕಡೆಗೆ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಖರ್ಚಿನ ಮಿತಿಯೆಂಬುದು ಕೇವಲ ಮಿತವ್ಯಯದ ಉಪದೇಶವಲ್ಲ. ಅದು ಮಕ್ಕಳ ನಡುವಿನ ನ್ಯಾಯ. ದೊಡ್ಡ ಸಂಬಳದ ಮನೆಯ ಮಗುವೂ ಅದೇ ಕಟ್ಟಡದ ಕಾವಲುಗಾರರ ಮಗುವೂ ಒಂದೇ ಮೇಜಿನ ಮುಂದೆ ಸಮನಾಗಿ ಕೂರುವುದು ಆ ಮಿತಿ ನಿಜವಾಗಿದ್ದಾಗ ಮಾತ್ರ. ಅದನ್ನು ಮುರಿಯುವವರು ಮಕ್ಕಳಲ್ಲ, ಬಹುಮಟ್ಟಿಗೆ ಹಿರಿಯರು.

ಯಾವ ಕಾರು?

ಮುಂಬಯಿಯ ಮನೆಗಳಿಗೆ ನನ್ನ ಸಲಹೆ ಪ್ರೀಮಿಯರ್ ಪದ್ಮಿನಿ. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ಫಿಯಟ್ 1100ರ ರೂಪದಲ್ಲಿ ಹುಟ್ಟಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರು ಕಪ್ಪು ಮೈ, ಹಳದಿ ನೆತ್ತಿಯ ಟ್ಯಾಕ್ಸಿಯಾಗಿ ಈ ನಗರದ ಗುರುತೇ ಆಗಿತ್ತು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ವಯೋಮಿತಿಯಿದ್ದ ಕಾರಣ, 2003ರ ಅಕ್ಟೋಬರ್ ಕೊನೆಯಲ್ಲಿ ನೋಂದಣಿಯಾದ ಕಡೆಯ ಪದ್ಮಿನಿ ಟ್ಯಾಕ್ಸಿಯೊಂದಿಗೆ 2023ರ ಅಕ್ಟೋಬರ್ 30ಕ್ಕೆ ಅದರ ಸೇವೆ ಮುಗಿಯಿತು. ಹೆಗಲಿಗೆ ಟ್ರಂಕು ಹೊತ್ತು ಈ ನಗರಕ್ಕೆ ಬಂದಿಳಿದ ಹಿರಿಯರಿಗೆ ಮೊದಲ ಸವಾರಿ ಕೊಟ್ಟ ಗಾಡಿಯಲ್ಲಿ ಇಂದಿನ ಮಕ್ಕಳು ಕೂರಲಾರರು. ಆದರೆ ಕಟ್ಟಬಲ್ಲರು.

ಲೆಕ್ಕ ಸರಳ. ಪದ್ಮಿನಿಯ ಉದ್ದ 3930 ಮಿ.ಮೀ.; 24ರಿಂದ ಭಾಗಿಸಿದರೆ ಸುಮಾರು 164. ಅಗಲ 1460 ಮಿ.ಮೀ.; ಮಾದರಿಯಲ್ಲಿ 61. ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2340 ಮಿ.ಮೀ.; ಮಾದರಿಯಲ್ಲಿ 97.5. ಟೈರಿನ ವ್ಯಾಸ ಸುಮಾರು 60 ಸೆಂ.ಮೀ. ಎಂದಿಟ್ಟುಕೊಂಡರೆ ಮಾದರಿಗೆ 25 ಮಿ.ಮೀ. ಚಕ್ರ ಬೇಕು. ಕೈವಾರವನ್ನು ಹುಡುಕಬೇಕಾಗಿಲ್ಲ, 2011ರ ವಿನ್ಯಾಸದ ಎರಡು ರೂಪಾಯಿ ನಾಣ್ಯದ ವ್ಯಾಸ ಸರಿಯಾಗಿ 25 ಮಿ.ಮೀ. ಬ್ಯಾಂಕಿನ ಕೌಂಟರಿನಲ್ಲಿ ನಾಣ್ಯ ಎಣಿಸಿ ಸವೆದ ಬೆರಳುಗಳಿಗೆ ಇಂಥ ಸಂಗತಿ ಮರೆಯುವುದಿಲ್ಲ!

ದೆಹಲಿಯ ಬಂಧುಗಳು ಅಂಬಾಸಿಡರ್ ಕಟ್ಟಬಹುದು. 2014ರಲ್ಲಿ ಉತ್ಪಾದನೆ ನಿಂತ ಆ ಕಾರಿನ ಉದ್ದ 4325 ಮಿ.ಮೀ.; ಮಾದರಿಯಲ್ಲಿ 180. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ವಿದ್ಯುತ್ ಕಾರು 'ರೇವಾ' 2638 ಮಿ.ಮೀ. ಉದ್ದದ್ದು, ಮಾದರಿಯಲ್ಲಿ ಕೇವಲ 110. ಮೊದಲ ಬಾರಿ ಕೈಹಾಕುವ ಚಿಕ್ಕ ಮಕ್ಕಳಿಗೆ ಅದು ಸುಲಭ.

ಸಾಮಗ್ರಿ ಮತ್ತು ಕ್ರಮ

ಮನೆಯಲ್ಲಿ ಕೂಡಿಬಿದ್ದಿರುವ ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕಿಂತ ಉತ್ತಮ ಸಾಮಗ್ರಿ ಮತ್ತೊಂದಿಲ್ಲ. ಮೊದಲು ಗ್ರಾಫ್ ಕಾಗದದ ಮೇಲೆ ಕಾರಿನ ಪಕ್ಕನೋಟವನ್ನು ಅಳತೆಯಂತೆ ಬರೆದುಕೊಳ್ಳಬೇಕು. ಅದರಂತೆ ಎರಡು ಪಕ್ಕಗಳನ್ನು ರಟ್ಟಿನಲ್ಲಿ ಕತ್ತರಿಸಿ, ನಡುವೆ ನಾಲ್ಕೈದು ಅಡ್ಡಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದರೆ ದೋಣಿಯಂತಹ ಹಂದರವಾಗುತ್ತದೆ. ನೆತ್ತಿಗೂ ಬಾನೆಟ್ಟಿಗೂ ತೆಳುವಾದ ಕಾಗದ ಬೇಕು. ಕಾಗದಕ್ಕೂ ಮರದಂತೆ ಎಳೆಯುಂಟು; ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿ, ಯಾವ ದಿಕ್ಕಿಗೆ ಸಲೀಸಾಗಿ ಬಾಗುವುದೋ ಆ ದಿಕ್ಕಿಗೆ ತಿರುವು ಬರುವಂತೆ ಕತ್ತರಿಸಬೇಕು. ದುಂಡಗಿನ ಮೂಲೆಗಳನ್ನು ಮೈದಾ ಗೋಂದಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳಿಂದ ತುಂಬಿ, ಎರಡು ದಿನ ಒಣಗಿಸಿ ಉಜ್ಜಿದರೆ ಆಕಾರ ಬರುತ್ತದೆ.

ನಾಣ್ಯದ ಅಳತೆಯ ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ ಐದಾರು ಮಿ.ಮೀ. ದಪ್ಪ ಮಾಡಿದರೆ ಚಕ್ರ ಸಿದ್ಧ. ಅಗರಬತ್ತಿಯ ಕಡ್ಡಿಯೇ ಅಚ್ಚು. ಖಾಲಿ ರೀಫಿಲ್ಲಿನ ತುಂಡು ಅದು ತಿರುಗುವ ಕೊಳವೆ. ಮಿಠಾಯಿ ಡಬ್ಬಿಯ ಪಾರದರ್ಶಕ ಮುಚ್ಚಳ ಕಿಟಕಿಯ ಗಾಜಾಗುತ್ತದೆ. ಮಾತ್ರೆಗಳ ಖಾಲಿ ಪಟ್ಟಿಯಲ್ಲಿರುವ ಗುಳ್ಳೆ ದೀಪವಾಗುತ್ತದೆ, ಅದರ ಹಿಂಬದಿಯ ಬೆಳ್ಳಿಹಾಳೆ ಬಂಪರ್ ಆಗುತ್ತದೆ.

ಬಣ್ಣ ಬಳಿಯುವ ಮುನ್ನ ನೀರು ಬೆರೆಸಿದ ಫೆವಿಕಾಲನ್ನು ತೆಳುವಾಗಿ ಒಂದು ಸಲ ಸವರಿ ಒಣಗಿಸಬೇಕು. ಇಲ್ಲವಾದರೆ ಬಣ್ಣದ ನೀರು ಹೀರಿ ರಟ್ಟು ಸೊಟ್ಟಗಾಗುತ್ತದೆ. ಹಳದಿ ಮೊದಲು, ಕಪ್ಪು ಆಮೇಲೆ. ಕಪ್ಪಿನ ಮೇಲೆ ಹಳದಿ ನಿಲ್ಲುವುದಿಲ್ಲ. ಹಳದಿಯ ಮೇಲೆ ಕಪ್ಪು ಸುಲಭವಾಗಿ ನಿಲ್ಲುತ್ತದೆ. ಚೂರಿಯ ಕೆಲಸವನ್ನು ಚಿಕ್ಕ ಮಕ್ಕಳಿಗೆ ಬಿಡದೆ ಹಿರಿಯರು ಮಾಡಿಕೊಡಲಿ. ಅಳೆಯುವುದು, ಗೆರೆ ಎಳೆಯುವುದು, ಅಂಟಿಸುವುದು, ಬಣ್ಣ ಹಚ್ಚುವುದು ಮಕ್ಕಳದೇ ಆಗಿರಲಿ.

ಖರ್ಚಿನ ಲೆಕ್ಕ

ಮಿತಿಯನ್ನು ಮುನ್ನೂರು ರೂಪಾಯಿ ಎಂದು ಇಟ್ಟುಕೊಳ್ಳೋಣ. ಫೆವಿಕಾಲ್, ಎರಡು ಹಾಳೆ ಸ್ಯಾಂಡ್ ಪೇಪರ್, ಎರಡು ಸಣ್ಣ ಶೀಶೆ ಬಣ್ಣ, ಮಾಸ್ಕಿಂಗ್ ಟೇಪ್, ಗ್ರಾಫ್ ಕಾಗದ ಇಷ್ಟೂ ಆ ಮಿತಿಯೊಳಗೆ ಬರುತ್ತವೆ. ತಕರಾರು ಹುಟ್ಟುವುದು ಬೇರೆ ಕಡೆ. ಮನೆಯಲ್ಲಿ ಮೊದಲೇ ಇದ್ದ ಬಣ್ಣಕ್ಕೆ ಬೆಲೆ ಉಂಟೇ? ನೂರು ರೂಪಾಯಿಯ ಶೀಶೆಯಲ್ಲಿ ಕಾಲುಭಾಗ ಬಳಸಿದರೆ ಬರೆಯಬೇಕಾದುದು ನೂರೋ ಇಪ್ಪತ್ತೈದೋ? ಇದನ್ನು ಆರಂಭದಲ್ಲೇ ತೀರ್ಮಾನಿಸಿಕೊಳ್ಳುವುದು ಲೇಸು. ನನಗೆ ಸರಿತೋರುವ ನಿಯಮಗಳು ಇಂತಿವೆ: ರದ್ದಿಗೆ ಹೋಗುವ ವಸ್ತುವಿಗೆ ಸೊನ್ನೆ, ಕತ್ತರಿ, ಅಳತೆಪಟ್ಟಿಯಂಥ ಉಪಕರಣಗಳಿಗೂ ಸೊನ್ನೆ, ಆದರೆ ಅವನ್ನು ಕೇಳಿದವರಿಗೆಲ್ಲ ಕೊಡಬೇಕು, ಉಳಿದ ಯಾವುದೇ ವಸ್ತುವಿಗೆ, ಹಳೆಯದಿರಲಿ ಹೊಸದಿರಲಿ, ಅಂಗಡಿಯ ಪೂರ್ತಿ ಬೆಲೆ ಬರೆಯಬೇಕು. ಎರಡು ಮೂರು ಮನೆಗಳು ಕೂಡಿ ಕೊಂಡರೆ ಬೆಲೆಯನ್ನು ಹಂಚಿಕೊಳ್ಳಬಹುದು. ಈ ಕೊನೆಯ ನಿಯಮದ ಸೊಗಸು ಪಾಲ್ಗೊಂಡ ಮೇಲೆ ತಿಳಿಯುತ್ತದೆ. ನಮ್ಮ ಕಟ್ಟಡದಲ್ಲಿ ಐದು ಮನೆಗಳವರು ಕಳೆದ ಮೇ ತಿಂಗಳಲ್ಲಿ ಹೀಗೆ ಕಾರು ಕಟ್ಟಿದಾಗ, ಒಂದೇ ಶೀಶೆ ಹಳದಿ ಬಣ್ಣ ಮೂರು ಮಹಡಿಗಳನ್ನು ಹತ್ತಿಳಿಯಿತು. ಲಿಫ್ಟಿನಲ್ಲಿ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಮನೆಗಳು ಬಾಗಿಲು ತಟ್ಟಿ ಮಾತನಾಡಿದವು.

ತೀರ್ಪು ಹೇಗೆ?

ನೂರು ಅಂಕಗಳಲ್ಲಿ ನಲವತ್ತು ಅಳತೆಗೆ. ಅಳತೆಪಟ್ಟಿ ಇಟ್ಟು ನೋಡಿದಾಗ ಎರಡು ಮಿ.ಮೀ. ಹೆಚ್ಚುಕಡಿಮೆಯನ್ನು ಮನ್ನಿಸಬಹುದು. ಮೂವತ್ತು ಅಚ್ಚುಕಟ್ಟುತನಕ್ಕೆ, ಇಪ್ಪತ್ತು ಸಾಮಗ್ರಿಯ ಬಳಕೆಯಲ್ಲಿ ತೋರಿದ ಉಪಾಯಕ್ಕೆ, ಹತ್ತು ಖರ್ಚಿನ ಚೀಟಿಗೆ. ಚೀಟಿಯನ್ನು ಮಗುವೇ ಬರೆಯಬೇಕು. ಮಾದರಿಗಳ ಮೇಲೆ ಹೆಸರಿಲ್ಲದೆ ಸಂಖ್ಯೆ ಮಾತ್ರ ಇರಲಿ. ನಗದು ಬಹುಮಾನ ಬೇಡ. ಅದು ಮತ್ತೆ ಹಣದ ಬಾಗಿಲನ್ನೇ ತೆರೆಯುತ್ತದೆ.

ತೀರ್ಪುಗಾರರಲ್ಲಿ ಒಬ್ಬರಾದರೂ ಆ ಕಾರನ್ನು ಬಲ್ಲವರಾಗಿರಬೇಕು. ನಮ್ಮಲ್ಲಿ ತೀರ್ಪಿಗೆ ಕುಳಿತ ಹಿರಿಯರೊಬ್ಬರು ದಶಕಗಳ ಕಾಲ ಟ್ಯಾಕ್ಸಿ ನಡೆಸಿದವರು. ಅವರು ಅಳತೆಪಟ್ಟಿಯನ್ನು ಮುಟ್ಟಲಿಲ್ಲ. ಮೂರನೆಯ ಸಂಖ್ಯೆಯ ಕಾರನ್ನು ಎತ್ತಿ ನೋಡಿ, "ಮೀಟರು ಎಡಗಡೆ ಹೊರಗಿರಬೇಕು ಮಗೂ, ಇದರಲ್ಲಿ ಬಲಗಡೆ ಬಂದಿದೆ" ಎಂದರು. ಬಳಿಕ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಗೇರು, ಮುಂದಿನ ಸಾಲಿನ ಉದ್ದನೆಯ ಸೀಟು, ನೆತ್ತಿಯ ಮೇಲಿನ ಕ್ಯಾರಿಯರ್ ಇವುಗಳ ಕಥೆ ಹೊರಬಂತು. ಮಕ್ಕಳು ಸುತ್ತ ಕುಳಿತು ಕೇಳಿದರು. ಫಲಿತಾಂಶ ಪ್ರಕಟವಾಗುವುದು ಒಂದು ಗಂಟೆ ತಡವಾಯಿತು. ಕಟ್ಟಡದಲ್ಲಿ ಹನ್ನೆರಡು ವರ್ಷಗಳಿಂದ ವಾಸವಿದ್ದ ಅವರೊಡನೆ ಆ ಮಕ್ಕಳು ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು.

ಈ ಸ್ಪರ್ಧೆಗೆ ಸಭಾಂಗಣ ಬೇಕಿಲ್ಲ, ಪ್ರಾಯೋಜಕರೂ ಬೇಕಿಲ್ಲ. ಒಂದು ಮೇಜು, ಮೂರು ವಾರಗಳ ಅವಧಿ, ಮಾತಿಗೆ ಬದ್ಧರಾದ ನಾಲ್ಕು ಮನೆಗಳಿದ್ದರೆ ಸಾಕು. ಪರೀಕ್ಷೆಗಳು ಮುಗಿದ ಮರುದಿನವೇ ಕಾರನ್ನು ಆರಿಸಿ, ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಮನೆಗಳವರೂ ಸಹಿ ಹಾಕಿಕೊಳ್ಳಲಿ. ಮೊದಲ ಸಹಿ ಅಪ್ಪ ಅಮ್ಮಂದಿರದಾಗಿರಲಿ.