ವೇಗದ ಬಸ್ಸು, ನಡೆಯುವ ಮನುಷ್ಯ

ಊರಿಗೆ ರಸ್ತೆ ಬಂದರೆ ಅಭ್ಯುದಯವೂ ಬಂದಂತೆಯೇ ಎಂಬುದು ಜನರ ನಂಬಿಕೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ರಸ್ತೆಯು ಅಗಲವಾದಂತೆಲ್ಲ ಈಚೆಯ ಮನೆಗೂ ಆಚೆಯ ಶಾಲೆಗೂ ನಡುವಣ ದೂರ ಹೆಚ್ಚುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಧಾರೇಶ್ವರವು ಇದಕ್ಕೆ ಹತ್ತಿರದ ನಿದರ್ಶನ. ಕುಮಟಾ ಮತ್ತು ಹೊನ್ನಾವರಗಳ ನಡುವೆ, ಪಶ್ಚಿಮಕ್ಕೆ ಕಡಲನ್ನು ಇಟ್ಟುಕೊಂಡು, ಆತ್ಮಲಿಂಗದ ಕಥೆಗೆ ಸೇರಿದ ಪಂಚಕ್ಷೇತ್ರಗಳಲ್ಲಿ ಒಂದೆಂದು ಎಣಿಸಲ್ಪಡುವ ಈ ಊರಿನ ಮೂಲಕ, ಹಿಂದೆ ೧೭ ಎಂಬ ಸಂಖ್ಯೆಯನ್ನು ಹೊತ್ತಿದ್ದ ಇಂದಿನ ೬೬ನೆಯ ರಾಷ್ಟ್ರೀಯ ಹೆದ್ದಾರಿಯು ಹಾದುಹೋಗಿದೆ. ದೂರದೂರಿಗೆ ಧಾವಿಸುವ ಲಾರಿಗೆ ಧಾರೇಶ್ವರವು ಅರೆನಿಮಿಷದ ದಾರಿ. ಬಸ್ಸಿಳಿದು ಆಚೆಗೆ ಹೋಗಬೇಕಾದ ವೃದ್ಧೆಗಾದರೋ ಅದೇ ರಸ್ತೆಯು ಒಂದು ಹೊಳೆ.

ವೇಗವಾದ ಸಂಚಾರ, ನಡೆಯುವವನ ಸುರಕ್ಷತೆ - ಇವೆರಡನ್ನೂ ಒಂದೇ ರಸ್ತೆಯಲ್ಲಿ ಸಾಧಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ದೊಡ್ಡ ಪ್ರಯತ್ನವೊಂದು ಘಟ್ಟದ ಮೇಲೆ, ಹುಬ್ಬಳ್ಳಿ-ಧಾರವಾಡಗಳ ನಡುವೆ ನಡೆದಿದೆ. ವಿದ್ಯೆಗಾಗಿ, ವೈದ್ಯಕ್ಕಾಗಿ, ವ್ಯಾಪಾರಕ್ಕಾಗಿ ಆ ಅವಳಿನಗರಕ್ಕೆ ಹೋಗಿಬರುವ ಕರಾವಳಿಯ ಜನರಿಗೆ ಅದು ಅಪರಿಚಿತವಾದುದಲ್ಲ.

ತ್ವರಿತ ಬಸ್ ಸಾರಿಗೆ ಎಂಬುದರ ತತ್ತ್ವವು ಸರಳವಾದುದು. ರೈಲಿಗೆ ಹಳಿಯಿರುವಂತೆ ಬಸ್ಸಿಗೂ ಪ್ರತ್ಯೇಕವಾದ ಪಥವನ್ನು ಕೊಡುವುದು. ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ನೀಡುವುದು. ನಿಲ್ದಾಣದ ಕಟ್ಟೆಯನ್ನು ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿ, ಹತ್ತಿ ಇಳಿಯುವ ಕಾಲವನ್ನು ಉಳಿಸುವುದು. ಬ್ರೆಜಿಲ್ ದೇಶದ ಕುರಿಟಿಬಾ ನಗರವು ೧೯೭೪ರಲ್ಲಿ ಇದಕ್ಕೆ ನಾಂದಿ ಹಾಡಿತು. ಕೊಲಂಬಿಯಾದ ಬೊಗೋಟಾ ೨೦೦೦ದಲ್ಲಿ, ನಮ್ಮ ದೇಶದ ಅಹಮದಾಬಾದ್ ೨೦೦೯ರಲ್ಲಿ ಇದೇ ಮಾರ್ಗವನ್ನು ಹಿಡಿದವು. ೧೯೬೨ರಲ್ಲಿ ಒಂದೇ ಪೌರಾಡಳಿತಕ್ಕೆ ಒಳಪಟ್ಟ ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು ೨೨ ಕಿಲೋಮೀಟರು ಉದ್ದದ ಪಥವು ನಿರ್ಮಾಣಗೊಂಡು, ೨೦೧೮ರ ಅಕ್ಟೋಬರ್ ತಿಂಗಳಲ್ಲಿ ಪ್ರಾಯೋಗಿಕ ಸಂಚಾರವು ಮೊದಲಾಯಿತು. ೨೦೨೦ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ ನೆರವೇರಿತು. ಬಸ್ಸುಗಳಿಗೆ 'ಚಿಗರಿ' ಎಂದು ಹೆಸರಿಟ್ಟರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಗರಿಯೆಂದರೆ ಜಿಂಕೆ. ಹೆಸರು ವೇಗಕ್ಕೆ ಒಪ್ಪುವಂತಹುದು.

ಆದರೆ ಚಿಗರಿಯನ್ನು ಏರುವವನು ಮೊದಲು ನಡೆಯಲೇಬೇಕು. ಪ್ರತಿಯೊಬ್ಬ ಬಸ್ ಪ್ರಯಾಣಿಕನೂ ಪಯಣದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಪಾದಚಾರಿಯೇ. ಈ ವ್ಯವಸ್ಥೆಯಲ್ಲಿ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇರುವುದರಿಂದ, ಎತ್ತ ಹೋಗುವವನಾದರೂ ಅರ್ಧ ರಸ್ತೆಯನ್ನು ದಾಟಲೇಬೇಕಾಗುತ್ತದೆ. ಆದುದರಿಂದಲೇ ದೀಪಸಂಕೇತಗಳು, ಬಿಳಿಯ ಪಟ್ಟೆಯ ದಾಟುದಾರಿಗಳು, ಕೆಲವೆಡೆ ಮೇಲ್ಸೇತುವೆಗಳು ಯೋಜನೆಯ ಅಂಗಗಳಾದವು. ಇವುಗಳನ್ನು ಅಲಂಕಾರವೆಂದು ತಿಳಿಯುವುದು ತಪ್ಪು. ಇವಿಲ್ಲದಿದ್ದರೆ ಪ್ರತ್ಯೇಕ ಪಥವೇ ಅಪಾಯದ ಮೂಲವಾದೀತು.

ಅಪಾಯದ ಸ್ವರೂಪವನ್ನು ಒಂದು ಸಾಮಾನ್ಯ ಲೆಕ್ಕದಿಂದ ತಿಳಿಯಬಹುದು. ಆರೋಗ್ಯವಂತನು ಸೆಕೆಂಡಿಗೆ ಸುಮಾರು ೧.೨ ಮೀಟರು ನಡೆಯುತ್ತಾನೆ. ಎರಡು ಪಥಗಳ ಅಗಲವಾದ ೭ ಮೀಟರನ್ನು ದಾಟಲು ಅವನಿಗೆ ಹೆಚ್ಚುಕಡಿಮೆ ೬ ಸೆಕೆಂಡು ಬೇಕು. ಗಂಟೆಗೆ ೮೦ ಕಿಲೋಮೀಟರು ವೇಗದ ವಾಹನವು ಅಷ್ಟರಲ್ಲಿ ಸುಮಾರು ೧೩೩ ಮೀಟರು ಮುಂದೆ ಬಂದಿರುತ್ತದೆ. ವೇಗವು ೩೦ಕ್ಕೆ ಇಳಿದರೆ ಅದು ಬರುವ ದೂರ ೫೦ ಮೀಟರು ಮಾತ್ರ. ಇದಲ್ಲದೆ ಆಘಾತದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ೮೦ರ ವೇಗದ ಪೆಟ್ಟು ೩೦ರ ಪೆಟ್ಟಿಗಿಂತ ಏಳುಪಟ್ಟು ಪ್ರಬಲ. ಮಕ್ಕಳೂ ವೃದ್ಧರೂ ನಡೆಯುವೆಡೆಗಳಲ್ಲಿ ವೇಗವು ೩೦ನ್ನು ಮೀರಬಾರದೆಂದು ೨೦೨೦ರ ಸ್ಟಾಕ್‌ಹೋಮ್ ಘೋಷಣೆಯು ಸಾರಿರುವುದು ಈ ಕಾರಣದಿಂದಲೇ.

ಇದರಿಂದ ಕೆಲವು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ರಸ್ತೆಯನ್ನು ಒಂದೇ ಉಸಿರಿಗೆ ದಾಟಿಸದೆ, ನಡುವೆ ನಿಲ್ಲಲು ಸುರಕ್ಷಿತವಾದ ಕಟ್ಟೆಯನ್ನು ಒದಗಿಸಬೇಕು. ಎರಡನೆಯದಾಗಿ, ದಾಟುದಾರಿಯು ಜನರು ಸ್ವಾಭಾವಿಕವಾಗಿ ನಡೆಯುವಲ್ಲಿಯೇ ಇರಬೇಕು. ಮೆಟ್ಟಿಲು ಹತ್ತಲಾರದ ಮುದುಕನು ಮೇಲ್ಸೇತುವೆಯನ್ನು ಬಿಟ್ಟು ಕೆಳಗೇ ದಾಟಿದರೆ ತಪ್ಪು ಅವನದಲ್ಲ, ಯೋಜನೆಯದು. ಮೂರನೆಯದಾಗಿ, ಕಾಲುದಾರಿಯು ಅಡೆತಡೆಯಿಲ್ಲದೆ ಕನಿಷ್ಠ ೧.೮ ಮೀಟರು ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರವಿದೆ. ಕಂಬವೂ ಅಂಗಡಿಯ ಸಾಮಾನೂ ಆಕ್ರಮಿಸಿದ ಕಾಲುದಾರಿಯು ಹೆಸರಿಗೆ ಮಾತ್ರ ಕಾಲುದಾರಿ.

ಕಟ್ಟುವುದಷ್ಟೇ ಸಾಲದು, ಜನರ ಒಪ್ಪಿಗೆಯೂ ಬೇಕು. ದೆಹಲಿಯಲ್ಲಿ ೨೦೦೮ರಲ್ಲಿ ಆರಂಭವಾದ ಇಂತಹ ಪಥವನ್ನು, ಕಾರುಗಳ ದಾರಿ ಕಿರಿದಾಯಿತೆಂಬ ಆಕ್ಷೇಪಗಳ ನಡುವೆ, ೨೦೧೬ರಲ್ಲಿ ಕಿತ್ತುಹಾಕಲಾಯಿತು. ರಸ್ತೆಯ ಅಗಲವನ್ನು ಯಾರಿಗೆ ಎಷ್ಟು ಹಂಚಬೇಕೆಂಬುದು ಕೇವಲ ಇಂಜಿನಿಯರರ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ನೂರಾರು ಜನರನ್ನು ಹೊತ್ತ ಕೆಲವೇ ಬಸ್ಸುಗಳಿಗೂ, ಅವರಿಗಿಂತ ಮೊದಲೇ ನಡೆದುಬಂದವನಿಗೂ ಪಾಲು ಸಲ್ಲಬೇಕು. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು, ರಸ್ತೆಯ ವಿನ್ಯಾಸದಲ್ಲಿ ಸುರಕ್ಷತೆಯ ಮಾನದಂಡವನ್ನು ಮೀರಿ ಸಾವುನೋವಿಗೆ ಎಡೆಗೊಡುವವರಿಗೆ ದಂಡವನ್ನು ವಿಧಿಸಿ, ಹೊಣೆಯು ಚಾಲಕನೊಬ್ಬನದೇ ಅಲ್ಲವೆಂಬುದನ್ನು ಒಪ್ಪಿಕೊಂಡಿದೆ.

ಧಾರೇಶ್ವರದಂತಹ ಊರಿಗೆ ಚಿಗರಿಯ ಪಥವು ಬೇಕಾಗಿಲ್ಲ. ಬೇಕಾದುದು ಅದರ ಹಿಂದಿನ ವಿವೇಕ. ಬಸ್ಸಿಗೆ ನಿಶ್ಚಿತವಾದ ತಂಗುದಾಣವಿರಲಿ. ದಾಟುದಾರಿಯು ನಿಂತ ಬಸ್ಸಿನ ಹಿಂಬದಿಗೆ ಬರುವಂತಿರಲಿ. ಏಕೆಂದರೆ ಮುಂಬದಿಯಿಂದ ದಾಟುವವನನ್ನು ಬಸ್ಸು ಮರೆಮಾಡುತ್ತದೆ, ಹಿಂದಿನಿಂದ ಬರುವ ವಾಹನವು ಅವನಿಗೂ ಕಾಣದು. ರಾತ್ರಿಯಲ್ಲಿ ಆ ಸ್ಥಳದಲ್ಲಿ ಬೆಳಕಿರಲಿ. ಮುಂಗಾರಿನ ಮಳೆಯಲ್ಲಿ ನಡೆಯುವವನು ನೀರು ತುಂಬಿದ ಅಂಚನ್ನು ಬಿಟ್ಟು ರಸ್ತೆಗೆ ಇಳಿಯದಂತೆ ಚರಂಡಿಯು ಸರಿಯಿರಲಿ. ಇವುಗಳಿಗೆ ತಗಲುವ ವೆಚ್ಚವು ಹೆದ್ದಾರಿಯ ವೆಚ್ಚದ ಮುಂದೆ ಅತ್ಯಲ್ಪ.

ವಿದ್ಯಾಸಂಸ್ಥೆಗಳೂ ಇಲ್ಲಿ ಮಾಡಬಹುದಾದ ಕಾರ್ಯವಿದೆ. ರಸ್ತೆಯ ಎಡಬಲಗಳನ್ನು ನೋಡಿ ದಾಟಬೇಕೆಂದು ಮಕ್ಕಳಿಗೆ ಬೋಧಿಸುವುದು ಅಗತ್ಯವೇ ಸರಿ. ಆದರೆ ಉಪಾಧ್ಯಾಯರು ಮೇಲಿನ ತರಗತಿಯ ವಿದ್ಯಾರ್ಥಿಗಳಿಂದ ಶಾಲೆಯ ಮುಂದಿನ ದಾಟುವ ಕಾಲವನ್ನೂ ವಾಹನಗಳ ವೇಗವನ್ನೂ ಅಳೆಯಿಸಿ, ಆ ಲೆಕ್ಕವನ್ನು ಪಂಚಾಯಿತಿಗೂ ಹೆದ್ದಾರಿಯ ಅಧಿಕಾರಿಗಳಿಗೂ ಒಪ್ಪಿಸಿದರೆ, ಗಣಿತದ ಪಾಠವು ಊರಿನ ಹಿತಕ್ಕೂ ಒದಗುತ್ತದೆ. ಒಂದು ರಸ್ತೆಯ ಯೋಗ್ಯತೆಯನ್ನು ಅದರ ಮೇಲೆ ವಾಹನವು ಎಷ್ಟು ವೇಗವಾಗಿ ಓಡಿತೆಂಬುದರಿಂದಷ್ಟೇ ಅಳೆಯಲಾಗದು. ಪಾಟಿಚೀಲ ಹೊತ್ತ ಮಗುವು ಸಂಜೆ ಅದನ್ನು ದಾಟಿ ಮನೆಯನ್ನು ಸೇರಿತೇ ಎಂಬುದೇ ಅದರ ಕಟ್ಟಕಡೆಯ ಪರೀಕ್ಷೆ.