‘ಹಮ್ ಲೋಗ್’: ಹದಿನೇಳೇ ತಿಂಗಳು ನಡೆದು ಮನೆಮಾತಾದ ಧಾರಾವಾಹಿ

ಇಂದು ಧಾರಾವಾಹಿಯೊಂದು ಸಾವಿರ ಕಂತು ದಾಟುವುದು ಅಪರೂಪದ ಸಂಗತಿಯಲ್ಲ. ಮಗು ಒಂದನೆಯ ತರಗತಿಗೆ ಸೇರಿದಾಗ ಆರಂಭವಾದ ಕಥೆ ನಾಲ್ಕನೆಯ ತರಗತಿಗೆ ಬಂದರೂ ಮುಗಿದಿರುವುದಿಲ್ಲ. ಆದರೆ ದೂರದರ್ಶನದ ಮೊದಲ ದೀರ್ಘ ಧಾರಾವಾಹಿ ಎನಿಸಿಕೊಂಡ ‘ಹಮ್ ಲೋಗ್’ ನಡೆದದ್ದು ಹದಿನೇಳು ತಿಂಗಳು ಮಾತ್ರ. 1984ರ ಜುಲೈ 7ರಂದು ಆರಂಭವಾಗಿ 1985ರ ಡಿಸೆಂಬರ್ 17ರಂದು ಅದು ಮುಗಿಯಿತು. ಕಂತುಗಳ ಸಂಖ್ಯೆ 150ಕ್ಕಿಂತ ತುಸು ಹೆಚ್ಚು. ನಾಲ್ಕು ದಶಕ ಕಳೆದರೂ ಅಂದು ನೋಡಿದ ಹಿರಿಯರು ಬಡ್ಕಿ, ಮಝ್ಲಿ, ಛುಟ್ಕಿ, ಲಲ್ಲು, ನನ್ಹೆ ಎಂಬ ಹೆಸರುಗಳನ್ನು ನೆಂಟರ ಹೆಸರುಗಳಂತೆ ಪ್ರೀತಿಯಿಂದ ನೆನೆಯುತ್ತಾರೆ. ಅಲ್ಪಾಯುಷಿಯಾದ ಕಥೆಗೆ ಇಷ್ಟು ದೀರ್ಘ ನೆನಪು ಹೇಗೆ ಲಭಿಸಿತು? ಮನೆಯಲ್ಲಿ ಟಿ.ವಿ.ಯೂ ಶಾಲೆಗೆ ಹೋಗುವ ಮಕ್ಕಳೂ ಇರುವ ನಾವೆಲ್ಲರೂ ಯೋಚಿಸಬೇಕಾದ ಪ್ರಶ್ನೆ ಇದು.

ಈ ಧಾರಾವಾಹಿಯ ಬೀಜ ಬಂದದ್ದು ದೂರದ ಮೆಕ್ಸಿಕೋ ದೇಶದಿಂದ. ಅಲ್ಲಿ ಮಿಗೆಲ್ ಸಬಿಡೊ ಎಂಬ ನಿರ್ಮಾಪಕರು 1975ರಲ್ಲಿ ವಯಸ್ಕರ ಸಾಕ್ಷರತೆಯನ್ನೇ ವಸ್ತುವಾಗಿಸಿಕೊಂಡು ಒಂದು ಧಾರಾವಾಹಿ ತಯಾರಿಸಿದ್ದರು. ಅವರ ಸೂತ್ರ ಸರಳವಾದದ್ದು. ಕಥೆಯಲ್ಲಿ ಒಳಿತಿನ ಪರ ನಿಲ್ಲುವವರು, ಅದರ ವಿರುದ್ಧ ನಡೆಯುವವರು, ಇವರಿಬ್ಬರ ನಡುವೆ ತೂಗಾಡಿ ಕೊನೆಗೆ ಬದಲಾಗುವವರು ಎಂದು ಮೂರು ಬಗೆಯ ಪಾತ್ರಗಳಿರಬೇಕು. ನೋಡುಗರು ಮೂರನೆಯ ಬಗೆಯವರಲ್ಲಿ ತಮ್ಮನ್ನು ಕಂಡುಕೊಳ್ಳುತ್ತಾರೆ. ಅಂದಿನ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವ ವಸಂತ ಸಾಠೆ ಅವರು ಮೆಕ್ಸಿಕೋಗೆ ಭೇಟಿ ನೀಡಿ ಈ ಪ್ರಯೋಗವನ್ನು ಅರಿತರು. ಕುಟುಂಬ ಕಲ್ಯಾಣ ಮತ್ತು ಸ್ತ್ರೀಯರ ಸ್ಥಾನಮಾನದ ಸಂದೇಶವನ್ನು ಕಥೆಯ ಮೂಲಕ ಹೇಳುವ ಯೋಜನೆ ಹೀಗೆ ರೂಪುಗೊಂಡಿತು. ಮನೋಹರ ಶ್ಯಾಮ ಜೋಶಿ ಬರೆದರು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದರು.

ಕಥೆ ಕೆಳಮಧ್ಯಮ ವರ್ಗದ ಒಂದು ಅವಿಭಕ್ತ ಕುಟುಂಬದ್ದು. ಕುಡಿತಕ್ಕೆ ಬಿದ್ದ ತಂದೆ ಬಸೇಸರ್ ರಾಮ್, ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿ, ಅಜ್ಜ, ಅಜ್ಜಿ, ಐವರು ಮಕ್ಕಳು. ಕೆಲಸ ಸಿಗದ ಲಲ್ಲು, ಕ್ರಿಕೆಟ್ ಕನಸಿನ ನನ್ಹೆ, ಸ್ವಂತ ಕಾಲಿನ ಮೇಲೆ ನಿಲ್ಲಬಯಸುವ ಬಡ್ಕಿ, ಸಿನಿಮಾ ನಟಿಯಾಗಹೊರಟ ಮಝ್ಲಿ, ವೈದ್ಯೆಯಾಗಲು ಓದುವ ಛುಟ್ಕಿ. ಇವರಲ್ಲಿ ಒಬ್ಬರಾದರೂ ಇಲ್ಲದ ಓಣಿ ಭಾರತದಲ್ಲಿ ಇರಲಿಕ್ಕಿಲ್ಲ.

ಆದರೆ ಮೊದಲ ಕಂತುಗಳು ಜನರಿಗೆ ರುಚಿಸಲಿಲ್ಲ. ಕುಟುಂಬ ಯೋಜನೆಯ ಉಪದೇಶ ಕಥೆಯನ್ನು ಮೀರಿ ನಿಂತಿತ್ತು. ಸುಮಾರು ಹದಿಮೂರು ಕಂತುಗಳ ಬಳಿಕ ತಯಾರಕರು ದಾರಿ ಬದಲಿಸಿದರು. ಉಪದೇಶ ಹಿಂದೆ ಸರಿದು ಮನೆಯ ಜಗಳ, ಹಣದ ಮುಗ್ಗಟ್ಟು, ಮದುವೆಯ ಚಿಂತೆ ಮುಂದೆ ಬಂದವು. ಆಗ ಜನ ಕಥೆಗೆ ಒಲಿದರು. ತರಗತಿಯಲ್ಲಿ ನಿಂತು ಪಾಠ ಹೇಳುವ ನಾವು ಇದನ್ನು ಚೆನ್ನಾಗಿ ಬಲ್ಲೆವು: ನೀತಿಯನ್ನು ನೇರವಾಗಿ ಹೇಳಿದರೆ ಮಕ್ಕಳು ಕಿಟಕಿಯತ್ತ ನೋಡುತ್ತಾರೆ, ಕಥೆ ಹೇಳಿದರೆ ನಮ್ಮತ್ತ ನೋಡುತ್ತಾರೆ.

ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು, ಅಂದಿನ ಕಥೆಯ ಕುರಿತು ಮನೆಯ ಹಿರಿಯರ ಧಾಟಿಯಲ್ಲಿ ಅರ್ಧ ನಿಮಿಷ ಮಾತನಾಡುತ್ತಿದ್ದರು. ತೀರ್ಪು ನೀಡುತ್ತಿರಲಿಲ್ಲ, ಪ್ರಶ್ನೆ ಕೇಳಿ ಹೊರಡುತ್ತಿದ್ದರು. ಮುಂದಿನ ಕಂತುಗಳಲ್ಲಿ ‘ಹಮ್ ಲೋಗ್’ ಎಂಬ ಹೆಸರನ್ನು ಭಾರತದ ಬೇರೆ ಬೇರೆ ಭಾಷೆಗಳಲ್ಲಿ ಹೇಳಿ ಮಾತು ಮುಗಿಸುತ್ತಿದ್ದರು. ಅವರಿಗೆ ಬಂದ ಪತ್ರಗಳು ನಾಲ್ಕು ಲಕ್ಷಕ್ಕೂ ಮೇಲು. ಬಡ್ಕಿಯು ವೈದ್ಯ ಅಶ್ವಿನಿಯನ್ನು ಮದುವೆಯಾಗಲಿ ಎಂದು ಒತ್ತಾಯಿಸಿ ಯುವತಿಯರು ಬರೆದರು. ಆ ಮದುವೆಯ ಕಂತು ಪ್ರಸಾರವಾದ ದಿನ ಉತ್ತರ ಭಾರತದ ಅಂಗಡಿ ಬೀದಿಗಳು ಬೇಗ ಮುಚ್ಚಿದ್ದವು.

ಸಂವಹನ ತಜ್ಞರಾದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಈ ಧಾರಾವಾಹಿಯ ಪ್ರಭಾವವನ್ನು ಅಧ್ಯಯನ ಮಾಡಿದರು. ಅವರಿಗೆ ಕಂಡ ಒಂದು ಸಂಗತಿ ಪಾಲಕರು ಗಮನಿಸತಕ್ಕದ್ದು. ಸ್ತ್ರೀಯು ಎಲ್ಲವನ್ನೂ ಸಹಿಸಿದರೆ ಆಗುವ ಕೇಡನ್ನು ತೋರಿಸಲು ಭಾಗವಂತಿಯ ಪಾತ್ರವನ್ನು ರಚಿಸಲಾಗಿತ್ತು. ಆದರೆ ಅನೇಕ ನೋಡುಗರು ಆಕೆಯನ್ನೇ ಆದರ್ಶ ಗೃಹಿಣಿ ಎಂದು ಮೆಚ್ಚಿದರು. ತೆರೆ ಹೇಳುವುದು ಒಂದು, ನೋಡುವವರು ಗ್ರಹಿಸುವುದು ಇನ್ನೊಂದು. ನಮ್ಮ ಮಕ್ಕಳು ಯಾವ ಪಾತ್ರದಿಂದ ಏನನ್ನು ಕಲಿಯುತ್ತಿದ್ದಾರೆ ಎಂಬುದು ಕೇಳದೆ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ ಭಾಷೆಯದ್ದು. 1984ರಲ್ಲಿ ದೇಶದಾದ್ಯಂತ ಹೆಚ್ಚುಕಡಿಮೆ ದಿನಕ್ಕೊಂದರಂತೆ ಟಿ.ವಿ. ಪ್ರಸಾರ ಕೇಂದ್ರಗಳು ಸ್ಥಾಪನೆಯಾದವು. ಇದ್ದದ್ದು ದೂರದರ್ಶನ ಮಾತ್ರ. ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಹೀಗಾಗಿ ‘ಹಮ್ ಲೋಗ್’ ಹಿಂದಿ ನಾಡಿನಲ್ಲಿ ಗಳಿಸಿದಷ್ಟು ನೋಡುಗರನ್ನು ದಕ್ಷಿಣದಲ್ಲಿ ಗಳಿಸಲಿಲ್ಲ. ಅಡುಗೆಮನೆಯ ಆಡುಮಾತೇ ಅದರ ಜೀವಾಳ. ಆ ಮಾತು ಮನೆಮಾತಲ್ಲದ ಕಡೆ ಅರ್ಧ ಸೊಗಸು ಕೈತಪ್ಪುತ್ತದೆ. ರಾಜ್ಯದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿರುವ ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಧಾರಾವಾಹಿಯ ಪ್ರಾಯೋಜಕರು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸಿನ ಕಂಪನಿಯವರು. ನೂಡಲ್ಸ್ ಮಾರಾಟ ಚೆನ್ನಾಗಿ ಏರಿದ್ದನ್ನು ಕಂಡು ಇತರ ಕಂಪನಿಗಳೂ ಧಾರಾವಾಹಿಗಳ ಕಡೆ ತಿರುಗಿದವು. ಜನಶಿಕ್ಷಣದ ಉದ್ದೇಶದಿಂದ ಹುಟ್ಟಿದ ಪ್ರಯೋಗ ಜಾಹೀರಾತಿನ ಮಾರ್ಗವನ್ನೂ ತೆರೆದುಕೊಟ್ಟಿತು. ಜಾಹೀರಾತು ಬರುತ್ತಿರುವವರೆಗೆ ಕಥೆಯನ್ನು ಎಳೆಯುವುದು ಇಂದಿನ ರೂಢಿ. ‘ಹಮ್ ಲೋಗ್’ ತನ್ನ ಕಾಲಕ್ಕೆ ಮುಗಿದು, 1986ರಲ್ಲಿ ಅದೇ ಲೇಖಕರ ‘ಬುನಿಯಾದ್’ಗೆ ಎಡೆ ಬಿಟ್ಟಿತು.

ಟಿ.ವಿ. ನೋಡಬೇಡಿ ಎಂದು ನಾವು ಪಾಲಕರಿಗೆ ಹೇಳುವುದಿಲ್ಲ. ಹೇಳಿದರೂ ಅದು ನಡೆಯುವ ಮಾತಲ್ಲ. ಅಶೋಕ್ ಕುಮಾರ್ ಮಾಡುತ್ತಿದ್ದ ಅರ್ಧ ನಿಮಿಷದ ಕೆಲಸವನ್ನು ಪ್ರತಿ ಮನೆಯ ಹಿರಿಯರೂ ಮಾಡಬಹುದು. ಮಕ್ಕಳು ನೋಡುವ ಕಥೆ ಮಲಯಾಳದ್ದಿರಲಿ, ಮರಾಠಿಯದ್ದಿರಲಿ, ತಮಿಳು ತೆಲುಗಿನದ್ದಿರಲಿ, ಮುಗಿದ ಬಳಿಕ ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳೋಣ: ‘ಅವಳು ಮಾಡಿದ್ದು ಸರಿಯೇ? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಉತ್ತರವನ್ನು ಐದು ಸಾಲು ಬರೆದು ತಂದರೆ ತರಗತಿಯಲ್ಲಿ ಓದಿಸಲು ನಾವು ಸಿದ್ಧರಿದ್ದೇವೆ.