ಕಾರಿನೊಳಗಣ ನಾದ: ಅದರ ಏರುಪೇರಿಗೆ ಕಾರಣಗಳು

ಹಾಡು ಒಂದೇ, ಹಾಡಿಸುವ ಯಂತ್ರವೂ ಒಂದೇ. ಆದರೂ ಮನೆಯ ಮುಂದೆ ನಿಂತ ಕಾರಿನಲ್ಲಿ ತುಂಬು ಗಾಂಭೀರ್ಯದಿಂದ ನುಡಿದ ಮೃದಂಗವು ಹೆದ್ದಾರಿಯನ್ನು ಸೇರಿದೊಡನೆ ತಗಡು ಬಡಿದಂತೆ ಕೇಳಿಸುತ್ತದೆ. ಬಾನುಲಿಯಲ್ಲಿ ಇಂಪಾಗಿದ್ದ ಕಂಠವು ಮೊಬೈಲ್ ಫೋನಿನಿಂದ ಬಂದಾಗ ಮಂಕಾಗುತ್ತದೆ. ಹಿಂದೆ ಕುಳಿತವರಿಗೆ ಸಾಕಾದ ಸದ್ದು ಮುಂದೆ ಕುಳಿತವರಿಗೆ ಸಾಲದಾಗುತ್ತದೆ. ಕಾರ್ಖಾನೆಯಲ್ಲಿಯೇ ಜೋಡಿಸಿ ಕಳುಹಿಸಿದ ಧ್ವನಿವ್ಯವಸ್ಥೆಯನ್ನು ಕುರಿತು ಕಾರಿನ ಒಡೆಯರು ಹೇಳುವ ದೂರುಗಳು ಬಹುಮಟ್ಟಿಗೆ ಈ ಬಗೆಯವು. ದೂರಿನ ಬೆನ್ನಲ್ಲೇ ಸ್ಪೀಕರು ಬದಲಾಯಿಸುವ ಸಲಹೆ ಬರುತ್ತದೆ, ಹಣ ಖರ್ಚಾಗುತ್ತದೆ, ಹಲವು ವೇಳೆ ದೋಷವು ಇದ್ದಲ್ಲಿಯೇ ಇರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯುಂಟು. ಕಾರಿನೊಳಗಣ ನಾದದ ವಿಷಯದಲ್ಲಿ ಮಾತ್ರ ಆ ಗಾದೆಯನ್ನು ತಿರುಗಿಸಿ ಹೇಳಬೇಕು: ಇಲ್ಲಿ ನೆಲವು ನಿಜವಾಗಿಯೂ ಡೊಂಕಾಗಿದೆ.

ನಾದವು ಕೇಳುವವನ ಕಿವಿಯನ್ನು ಮುಟ್ಟುವ ಮುನ್ನ ನಾಲ್ಕು ಘಟ್ಟಗಳನ್ನು ದಾಟಿ ಬರುತ್ತದೆ. ಮೊದಲನೆಯದು ಹಾಡು ಹೊರಟುಬರುವ ಮೂಲ. ಎರಡನೆಯದು ಅದನ್ನು ಹಿಗ್ಗಿಸುವ ಯಂತ್ರ. ಮೂರನೆಯದು ಕಾರಿನ ಒಡಲು. ನಾಲ್ಕನೆಯದು ಓಡುವ ಬಂಡಿಯ ಗದ್ದಲದ ನಡುವೆ ಕೇಳಬೇಕಾದ ಕಿವಿ. ಏರುಪೇರು ಯಾವ ಘಟ್ಟದಲ್ಲಿ ಹುಟ್ಟಿತೆಂಬುದನ್ನು ತಿಳಿಯದೆ ಮಾಡಿದ ಚಿಕಿತ್ಸೆ ರೋಗವನ್ನರಿಯದೆ ಕೊಟ್ಟ ಮದ್ದಿನಂತೆ ವ್ಯರ್ಥವಾಗುತ್ತದೆ.

ಪೂರ್ವೇತಿಹಾಸ

ಕಾರಿಗೂ ಬಾನುಲಿಗೂ ನಂಟು ಬೆಳೆದದ್ದು ೧೯೩೦ರ ಸುಮಾರಿನಲ್ಲಿ. ಆ ವರ್ಷ ಅಮೆರಿಕದ ಪಾಲ್ ಗ್ಯಾಲ್ವಿನ್ ಮತ್ತು ಆತನ ಸೋದರ ಜೋಸೆಫ್ ಕಾರಿಗೆ ಹೊಂದುವ ರೇಡಿಯೋ ಒಂದನ್ನು ಮಾರುಕಟ್ಟೆಗೆ ತಂದು, ಅದಕ್ಕೆ ‘ಮೋಟೊರೋಲಾ’ ಎಂದು ಹೆಸರಿಟ್ಟರು. ೧೯೩೨ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಸಂಸ್ಥೆಯ ಕಾರು ರೇಡಿಯೋ ಯುರೋಪಿನಲ್ಲಿ ಬಂದಿತು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದುದು ೧೯೩೫ರಲ್ಲಿ. ಅಷ್ಟರೊಳಗೆ ಪರದೇಶಗಳಲ್ಲಿ ಕಾರುಗಳು ಹಾಡತೊಡಗಿದ್ದವು. ೧೯೫೬ರ ಮಾದರಿಯ ಕೆಲವು ಕ್ರೈಸ್ಲರ್ ಕಾರುಗಳಲ್ಲಿ ಗ್ರಾಮಫೋನ್ ತಟ್ಟೆಗಳನ್ನೇ ತಿರುಗಿಸುವ ಸಾಹಸವೂ ನಡೆಯಿತು. ಆ ಏರ್ಪಾಡು ಬಹುಕಾಲ ಬಾಳಲಿಲ್ಲ. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ಆ ಸ್ಥಾನವನ್ನು ಮುಂದೆ ತುಂಬಿತು.

ಬಹುಕಾಲ ರೇಡಿಯೋ ಬೇರೆ, ಕಾರು ಬೇರೆ ಎಂಬಂತೆಯೇ ಇತ್ತು. ೧೯೮೩ರ ಮಾದರಿಯ ಕೆಲವು ಕಾರುಗಳಿಗಾಗಿ ಜನರಲ್ ಮೋಟಾರ್ಸ್ ಮತ್ತು ಬೋಸ್ ಸಂಸ್ಥೆಗಳು ಕೂಡಿ, ಆಯಾ ಕಾರಿನ ಒಳಾಂಗಣವನ್ನೇ ಅಳೆದು, ಅದಕ್ಕೆ ತಕ್ಕಂತೆ ಧ್ವನಿಯನ್ನು ತಿದ್ದಿದ ವ್ಯವಸ್ಥೆಯನ್ನು ರೂಪಿಸಿದವು. ಅಲ್ಲಿಂದೀಚೆಗೆ ಕಾರ್ಖಾನೆಯ ಧ್ವನಿವ್ಯವಸ್ಥೆ ಎಂದರೆ ಅಳತೆಗೆ ಹೊಲಿದ ಅಂಗಿ ಎಂಬ ಭಾವನೆ ಬೆಳೆಯಿತು. ಅಂಗಿಯನ್ನು ಯಾರ ಮೈಗೆ, ಎಷ್ಟು ಬೆಲೆಗೆ ಹೊಲಿದರೆಂಬುದೇ ಮುಂದಿನ ಪ್ರಶ್ನೆ.

ಮೊದಲ ಘಟ್ಟ: ಮೂಲ

ಎಫ್.ಎಂ. ಬಾನುಲಿಯ ಅಲೆಯ ಉದ್ದ ಸುಮಾರು ೩ ಮೀಟರು. ಕೇಂದ್ರದಿಂದ ನೇರವಾಗಿ ಬಂದ ಅಲೆಯೂ ಕಟ್ಟಡಕ್ಕೋ ಗುಡ್ಡಕ್ಕೋ ತಾಗಿ ಮರಳಿದ ಅಲೆಯೂ ಒಂದೆಡೆ ಸೇರಿ ಒಂದನ್ನೊಂದು ಅಳಿಸುವುದುಂಟು. ಸಿಗ್ನಲಿನಲ್ಲಿ ನಿಂತ ಕಾರು ಗರಗರ ಸದ್ದು ಮಾಡಿ, ಒಂದೆರಡು ಮಾರು ಮುಂದೆ ಸರಿದೊಡನೆ ನಿಚ್ಚಳವಾಗುವುದು ಈ ಕಾರಣದಿಂದ. ಅಲೆ ದುರ್ಬಲವಾದಾಗ ರೇಡಿಯೋ ತಾನಾಗಿಯೇ ಎಡಬಲಗಳ ಭೇದವನ್ನು ಕುಗ್ಗಿಸಿ, ತಾರದ ಸ್ವರಗಳನ್ನು ತಗ್ಗಿಸುತ್ತದೆ. ಗದ್ದಲವನ್ನು ಮರೆಸಲು ಅದು ಹೂಡುವ ಉಪಾಯವಿದು. ೨೦೦೧ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಅಂಥ ನಗರಕೇಂದ್ರಗಳನ್ನು ಕೇಳುತ್ತ ಊರ ಹೊರಗೆ ಸಾಗುವವರಿಗೆ ಹಾಡು ಮೊದಲು ಚಪ್ಪಟೆಯಾಗಿ, ಆಮೇಲೆ ಮಸುಕಾಗಿ, ಕೊನೆಗೆ ಕಡಿದುಹೋಗುವುದು ಸ್ಪೀಕರಿನ ದೋಷದಿಂದಲ್ಲ.

ಮೊಬೈಲ್ ಫೋನಿನಿಂದ ಬರುವ ಹಾಡಿನ ಕಥೆ ಬೇರೆ. ಸಿ.ಡಿ. ತಟ್ಟೆಯಲ್ಲಿ ಪ್ರತಿ ಸೆಕೆಂಡಿಗೆ ೧೪ ಲಕ್ಷಕ್ಕೂ ಮಿಕ್ಕ ಬಿಟ್ಟುಗಳು ನಾದವನ್ನು ಹೊತ್ತಿರುತ್ತವೆ. ಸಾಮಾನ್ಯ ಎಂ.ಪಿ.೩ ಕಡತವೊಂದರಲ್ಲಿ ಅದು ೧ ಲಕ್ಷದ ೨೮ ಸಾವಿರಕ್ಕೆ ಇಳಿದಿರಬಹುದು, ಎಂದರೆ ಹನ್ನೊಂದರಲ್ಲಿ ಒಂದು ಪಾಲು. ಅಂತರಜಾಲದಿಂದ ನೇರವಾಗಿ ಹರಿದುಬರುವ ಹಾಡಿನಲ್ಲಿ ಜಾಲದ ಬಲ ಕುಂದಿದಂತೆ ಗುಣವೂ ಕುಂದಬಹುದು. ಅದನ್ನು ಬ್ಲೂಟೂತ್ ಮೂಲಕ ಕಾರಿಗೆ ಸಾಗಿಸುವಾಗ ಮತ್ತೊಮ್ಮೆ ಹಿಂಡಿ ಕಳುಹಿಸಲಾಗುತ್ತದೆ. ಫೋನ್ ಕರೆಗೆಂದು ಏರ್ಪಟ್ಟ ದಾರಿಯಲ್ಲಿಯೇ ಹಾಡು ಬಂದುಬಿಟ್ಟರಂತೂ ಎಡಬಲಗಳೆರಡೂ ಒಂದಾಗಿ, ಎತ್ತರದ ಸ್ವರಗಳು ಕತ್ತರಿಸಿಹೋಗಿ, ಬಾವಿಯೊಳಗಿಂದ ಹಾಡಿದಂತಾಗುತ್ತದೆ. ಒಂದೇ ಹಾಡನ್ನು ಯು.ಎಸ್.ಬಿ. ಕಡ್ಡಿಯಿಂದಲೂ ಬ್ಲೂಟೂತ್‌ನಿಂದಲೂ ಕೇಳಿ ಹೋಲಿಸಿದರೆ ಈ ಘಟ್ಟದ ತಪ್ಪೊಪ್ಪುಗಳು ತಿಳಿದುಬರುತ್ತವೆ.

ಎರಡನೆಯ ಘಟ್ಟ: ಯಂತ್ರ

ಕಾರಿನ ವಿದ್ಯುತ್ತು ೧೨ ವೋಲ್ಟಿನದು. ಎಂಜಿನ್ ಓಡುವಾಗ ೧೪ ವೋಲ್ಟಿನ ಆಸುಪಾಸು. ೪ ಓಮ್ ಸ್ಪೀಕರಿಗೆ ಇಷ್ಟು ವೋಲ್ಟಿನಿಂದ ನೇರವಾಗಿ, ವಿಕಾರವಿಲ್ಲದೆ ದೊರೆಯಬಲ್ಲ ಶಕ್ತಿ ಲೆಕ್ಕದ ಪ್ರಕಾರ ೨೫ ವ್ಯಾಟನ್ನು ಹೆಚ್ಚು ಮೀರುವುದಿಲ್ಲ. ಎಂಜಿನ್ ನಿಂತಾಗ ಅದು ೧೮ಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿತವಾದ ದೊಡ್ಡ ಸಂಖ್ಯೆ ಕ್ಷಣಮಾತ್ರದ ಗರಿಷ್ಠವನ್ನು ಸೂಚಿಸುವುದೇ ಹೆಚ್ಚು. ಕಿವಿಗೆ ಸದ್ದು ಇಮ್ಮಡಿಯಾಗಿ ತೋರಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಇಷ್ಟು ಮೂಲಧನವಿಲ್ಲದ ಯಂತ್ರವನ್ನು ತುತ್ತತುದಿಗೆ ತಿರುಗಿಸಿದಾಗ ಅಲೆಗಳ ತಲೆ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಸಣ್ಣ ಸ್ಪೀಕರುಗಳು ಸುಟ್ಟುಹೋಗುವುದೂ ಉಂಟು.

ಇದನ್ನರಿತೇ ತಯಾರಕರು ಹಲವು ಕಾರುಗಳಲ್ಲಿ ಒಂದು ಗುಟ್ಟಾದ ಕಟ್ಟುಪಾಡನ್ನು ಇಟ್ಟಿರುತ್ತಾರೆ. ಸದ್ದು ಕಡಿಮೆಯಿರುವಾಗ ಮಂದ್ರವನ್ನು ಹೆಚ್ಚಿಸುವುದು, ಸದ್ದು ಏರಿದಂತೆ ಸ್ಪೀಕರಿನ ರಕ್ಷಣೆಗಾಗಿ ಮಂದ್ರವನ್ನು ತಗ್ಗಿಸುವುದು, ಇದೇ ಆ ಕಟ್ಟುಪಾಡು. ‘ಮೆಲ್ಲಗಿದ್ದಾಗ ಚೆನ್ನಾಗಿತ್ತು, ಜೋರು ಮಾಡಿದರೆ ಒಣಕಲಾಯಿತು’ ಎಂಬ ದೂರಿನ ಮೂಲ ಅನೇಕ ವೇಳೆ ಇದಾಗಿರುತ್ತದೆ. ಇಂಥ ಕಾರಿನಲ್ಲಿ ಹಳೆಯ ಯಂತ್ರವನ್ನು ಉಳಿಸಿ ದುಬಾರಿಯ ಹೊಸ ಸ್ಪೀಕರುಗಳನ್ನಷ್ಟೇ ಹಾಕಿಸಿದವರಿಗೆ, ತಗ್ಗಿಸಿ ಕಳುಹಿಸಿದ ಮಂದ್ರವು ತಗ್ಗಿಯೇ ಕೇಳಿಸುತ್ತದೆ.

ಎಂಜಿನಿನ ವೇಗದೊಡನೆ ಏರಿಳಿಯುವ ಕೊಯ್ಯೆಂಬ ಸದ್ದು ಬೇರೊಂದು ಜಾತಿಯದು. ಅದು ಹಾಡಿನಲ್ಲಿಲ್ಲ, ಸ್ಪೀಕರಿನಲ್ಲೂ ಇಲ್ಲ. ಕಾರಿನ ವಿದ್ಯುದುತ್ಪಾದಕದಿಂದ ತಂತಿಗಳೊಳಗೆ ನುಸುಳಿದ ಕಲಬೆರಕೆ. ಫೋನನ್ನು ಕಾರಿನಲ್ಲಿಯೇ ಚಾರ್ಜಿಗೆ ಹಾಕಿ, ಅದರಿಂದಲೇ ತಂತಿಯ ಮೂಲಕ ಹಾಡು ಕೇಳುವಾಗ ಇದು ಕಾಣಿಸಿಕೊಳ್ಳುವುದುಂಟು. ಚಾರ್ಜಿನ ತಂತಿಯನ್ನು ಕಿತ್ತೊಡನೆ ಸದ್ದು ನಿಂತರೆ ರೋಗನಿದಾನ ಮುಗಿದಂತೆಯೇ.

ಮೂರನೆಯ ಘಟ್ಟ: ಕಾರಿನ ಒಡಲು

ವಿಷಯದ ತಿರುಳಿರುವುದು ಇಲ್ಲಿ. ವೀಣೆಗೆ ಹಲಸಿನ ಮರವನ್ನು ಆಯ್ದು ಕೊಡವನ್ನು ಕೊರೆಯುವವನು ನಾದವನ್ನೇ ಧ್ಯಾನಿಸಿ ಕೊರೆಯುತ್ತಾನೆ. ಕಾರಿನ ಬಾಗಿಲನ್ನು ಮಾಡುವವನಿಗಾದರೋ ಗಾಜು ಇಳಿಯಬೇಕು, ಬೀಗ ಬೀಳಬೇಕು, ಅಪಘಾತದಲ್ಲಿ ಒಳಗಿನವರು ಉಳಿಯಬೇಕು; ಸ್ಪೀಕರಿಗೆ ಸಿಗುವುದು ಉಳಿದ ಸ್ಥಳ. ಸ್ಪೀಕರಿನ ಹಾಳೆ ಮುಂದಕ್ಕೆ ಒಂದಲೆಯನ್ನು ತಳ್ಳುವಾಗಲೇ ಹಿಂದಕ್ಕೆ ಅದರ ವಿರುದ್ಧದ ಅಲೆಯನ್ನೂ ಹೊರಡಿಸುತ್ತದೆ. ಬಾಗಿಲಿನ ಒಳತಗಡಿನ ತೂತುಗಳ ಮೂಲಕ ಹಿಂದಿನ ಅಲೆ ಹೊರಬಂದು ಮುಂದಿನದನ್ನು ಸೇರಿದರೆ ಮಂದ್ರವು ಅಲ್ಲಿಯೇ ಅಳಿಯುತ್ತದೆ. ಸಡಿಲವಾದ ಅಂಚು, ಬಾಗಿಲಿನ ಜೇಬಿನಲ್ಲಿಟ್ಟ ನೀರಿನ ಬಾಟಲಿ, ನಾಣ್ಯ, ಕೀಲಿಕೈ ಇವು ಕೆಲವೇ ಸ್ವರಗಳಿಗೆ ಮಾರ್ನುಡಿದು ಗಡಗಡಿಸುತ್ತವೆ.

ಇನ್ನು ಕುಳಿತ ಜಾಗದ ಭೇದ. ಭಾರತದ ಕಾರುಗಳಲ್ಲಿ ಚಾಲಕನು ಬಲಕ್ಕೆ ಕೂರುವುದರಿಂದ ಬಲದ ಸ್ಪೀಕರು ಅವನಿಗೆ ಹತ್ತಿರ, ಎಡದ್ದು ದೂರ. ಈ ಅಂತರ ಅರ್ಧ ಮೀಟರೆಂದು ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು ೩೪೩ ಮೀಟರು ಓಡುವ ಧ್ವನಿ ಎಡದಿಂದ ಒಂದೂವರೆ ಮಿಲಿಸೆಕೆಂಡು ತಡವಾಗಿ ಬರುತ್ತದೆ. ಇಷ್ಟು ಅಲ್ಪ ವಿಳಂಬವಿದ್ದಾಗ ಮನುಷ್ಯನ ಕಿವಿ ಮೊದಲು ಬಂದ ಸದ್ದಿನ ದಿಕ್ಕನ್ನೇ ದಿಟವೆಂದು ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ೧೯೪೯ರ ತನ್ನ ಪ್ರಬಂಧದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿದುದರಿಂದ ಇದಕ್ಕೆ ‘ಹಾಸ್ ಪರಿಣಾಮ’ ಎಂಬ ಹೆಸರು ಬಂದಿದೆ. ವೇದಿಕೆಯ ನಡುವೆ ನಿಂತು ಹಾಡಬೇಕಾದ ಗಾಯಕನು ಚಾಲಕನ ಪಾಲಿಗೆ ಬಲಬಾಗಿಲಿನೊಳಗೆ ಸೇರಿಕೊಂಡಂತಾಗುವುದು ಹೀಗೆ. ಅಷ್ಟೇ ಅಲ್ಲ, ಸೆಕೆಂಡಿಗೆ ೩೪೩ರ ಸುಮಾರು ಕಂಪನಗಳ ಸ್ವರಕ್ಕೆ ಅಲೆಯ ಉದ್ದ ಒಂದು ಮೀಟರು. ಅರ್ಧ ಮೀಟರಿನ ಅಂತರದಲ್ಲಿ ಒಂದು ಸ್ಪೀಕರಿನ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಆ ಸ್ವರ ಕುಗ್ಗುತ್ತದೆ. ಅದು ಮನುಷ್ಯಕಂಠದ ವ್ಯಾಪ್ತಿಯೊಳಗಿನ ಸ್ವರವಾದ್ದರಿಂದ ಮಾತಿನ ತುಂಬುತನಕ್ಕೆ ಪೆಟ್ಟು ಬೀಳುತ್ತದೆ.

ಮಂದ್ರಕ್ಕೆ ಬೇರೆ ನಿಯಮ. ಎರಡೂವರೆ ಮೀಟರು ಉದ್ದದ ಒಳಾಂಗಣದಲ್ಲಿ ಸೆಕೆಂಡಿಗೆ ೭೦ರ ಸುಮಾರು ಕಂಪನಗಳ ಸ್ವರವು ಮುಂದಣ ಗಾಜಿಗೂ ಹಿಂದಣ ಗಾಜಿಗೂ ನಡುವೆ ನಿಂತಲೆಯಾಗಿ ನೆಲಸುತ್ತದೆ. ಎರಡು ತುದಿಗಳಲ್ಲಿ ಅದು ಬಲವಾಗಿಯೂ ನಡುವೆ ಕ್ಷೀಣವಾಗಿಯೂ ಇರುತ್ತದೆ. ಹಿಂದಿನ ಗಾಜಿಗೆ ತಲೆ ಸಮೀಪಿಸಿದವರಿಗೆ ಮೃದಂಗದ ಎಡಭಾಗ ಗುಮ್ಮೆನ್ನುವುದೂ ಮುಂದಿನವರಿಗೆ ಅದು ಸಪ್ಪೆಯಾಗುವುದೂ ಇದರಿಂದ. ತಾರಸ್ವರಗಳನ್ನು ಗಾಜು ಹಿಂದಿರುಗಿಸುತ್ತದೆ, ಆಸನದ ಬಟ್ಟೆಯೂ ಕುಳಿತವರ ಉಡುಪೂ ಹೀರುತ್ತವೆ. ಆದುದರಿಂದ ಒಬ್ಬನೇ ಕುಳಿತ ಕಾರಿಗೂ ಐವರು ತುಂಬಿದ ಕಾರಿಗೂ ನಾದದಲ್ಲಿ ಭೇದವಿರುತ್ತದೆ.

ನಾಲ್ಕನೆಯ ಘಟ್ಟ: ಗದ್ದಲ ಮತ್ತು ಕಿವಿ

ಕಾರು ಓಡುವಾಗ ರಸ್ತೆ, ಚಕ್ರ, ಎಂಜಿನುಗಳಿಂದ ಏಳುವ ಗದ್ದಲದ ಬಹುಪಾಲು ಮಂದ್ರದಲ್ಲಿಯೇ ಇರುತ್ತದೆ. ಹೀಗಾಗಿ ಮೊದಲು ಮುಳುಗುವುದು ಹಾಡಿನ ಮಂದ್ರ. ಇದರೊಡನೆ ಕಿವಿಯ ಸ್ವಭಾವವೂ ಸೇರುತ್ತದೆ. ಸದ್ದು ತಗ್ಗಿದಂತೆ ಕಿವಿಯು ಮಂದ್ರಸ್ವರಗಳನ್ನು ಇತರ ಸ್ವರಗಳಿಗಿಂತ ಬೇಗನೆ ಕಳೆದುಕೊಳ್ಳುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೩೩ರಲ್ಲಿ ಅಳೆದು ತೋರಿಸಿದರು. ನಿಂತ ಕಾರಿನಲ್ಲಿ ಹದಗೊಳಿಸಿದ ನಾದವು ಓಡುವ ಕಾರಿನಲ್ಲಿ ಹದ ತಪ್ಪುವುದು ಸಹಜವೇ ಸರಿ. ಚಕ್ರಕ್ಕೆ ಗಾಳಿಯನ್ನು ಸರಿಯಾಗಿ ತುಂಬಿಸುವುದೂ, ಸವೆದ ಟೈರನ್ನೂ ಬಾಗಿಲಿನ ಹರಿದ ರಬ್ಬರನ್ನೂ ಬದಲಾಯಿಸುವುದೂ ಎಷ್ಟೋ ವೇಳೆ ಹೊಸ ಸ್ಪೀಕರಿಗಿಂತ ಹೆಚ್ಚಿನ ಉಪಕಾರ ಮಾಡುತ್ತವೆ.

ಪರೀಕ್ಷೆಯ ಕ್ರಮ

ಹಣ ಬಿಚ್ಚುವ ಮುನ್ನ ಅನುಸರಿಸಬೇಕಾದ ಕ್ರಮ ಸರಳವಾಗಿದೆ. ಚಿರಪರಿಚಿತವಾದ, ಚೆನ್ನಾಗಿ ಮುದ್ರಿತವಾದ ಒಂದೇ ಹಾಡನ್ನು ಆಯ್ದುಕೊಳ್ಳಬೇಕು. ಧ್ವನಿ ತಿದ್ದುವ ಎಲ್ಲ ಗುಂಡಿಗಳನ್ನೂ ನಡುವಿಗೆ ತಂದು, ಬ್ಲೂಟೂತ್ ಬಳಸುವುದಾದರೆ ಫೋನಿನ ಸದ್ದನ್ನು ಬಹುಪಾಲು ಏರಿಸಿ, ಕಾರಿನ ಗುಂಡಿಯಿಂದ ಹದ ಮಾಡಬೇಕು. ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ, ರಸ್ತೆಯಲ್ಲಿ ಒಮ್ಮೆ ಕೇಳಬೇಕು. ರಸ್ತೆಯಲ್ಲಿ ಕೇಳಿ ತೂಗುವ ಕೆಲಸ ಜೊತೆಯವರದು, ಚಾಲಕನದಲ್ಲ. ಬಳಿಕ ಎಡ, ಬಲ, ಮುಂದು, ಹಿಂದು ಎಂದು ಒಂದೊಂದೇ ಸ್ಪೀಕರನ್ನು ನುಡಿಸಿ ನೋಡಬೇಕು. ಮೂಲ ಬದಲಾದಾಗ ದೋಷ ಮಾಯವಾದರೆ ತಪ್ಪು ಮೂಲದ್ದು. ಒಂದೇ ಸ್ಪೀಕರಿನಲ್ಲಿ ಎಲ್ಲ ಹಾಡುಗಳಿಗೂ ಒಡಕು ಕೇಳಿಸಿದರೆ ಆ ಸ್ಪೀಕರನ್ನೋ ಅದರ ತಂತಿಯನ್ನೋ ನೋಡಬೇಕು. ಆಸನ ಬದಲಾದಾಗ ಮಾತ್ರ ಬದಲಾಗುವ ದೋಷಕ್ಕೆ ಕಾರಿನ ಒಡಲೇ ಹೊಣೆ. ಹತ್ತಿರದ ಸ್ಪೀಕರನ್ನು ಸ್ವಲ್ಪ ತಗ್ಗಿಸುವುದೋ, ಸೌಲಭ್ಯವಿದ್ದಲ್ಲಿ ಅದಕ್ಕೆ ವಿಳಂಬ ಕೊಡುವುದೋ ಅದಕ್ಕೆ ಮದ್ದು. ರಸ್ತೆಯಲ್ಲಿ ಮಾತ್ರ ಹುಟ್ಟುವ ಕೊರತೆ ಗದ್ದಲದ್ದು. ಹೊಸ ಕಾರಿನಲ್ಲಿ ಒಡಕೋ ಮೌನವೋ ಖಚಿತವಾದರೆ, ಖಾತರಿಯ ಅವಧಿ ಮುಗಿಯುವ ಮುನ್ನ ಮಾರಾಟಗಾರರಿಗೆ ಅದನ್ನು ಕೇಳಿಸಿ, ಬರಹದಲ್ಲಿ ತಿಳಿಸುವುದು ಲೇಸು. ಹೊರಗಿನವರಿಂದ ತಂತಿ ಕತ್ತರಿಸಿದ ಮೇಲೆ ವಾದಕ್ಕೆ ಬಲವಿರುವುದಿಲ್ಲ.

ಈ ವಿಚಾರ ಕೇವಲ ರಸಾಸ್ವಾದದ್ದಲ್ಲ. ಸ್ಪಷ್ಟವಾಗಿ ಕೇಳಿಸದ್ದನ್ನು ಜೋರು ಮಾಡಿ ಕೇಳುವುದು ಮನುಷ್ಯನ ಸಹಜ ಪ್ರವೃತ್ತಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ ೮೫ ಡೆಸಿಬೆಲ್ ಸದ್ದನ್ನು ದಿನಕ್ಕೆ ೮ ಗಂಟೆಗಿಂತ ಹೆಚ್ಚು ಕೇಳಬಾರದು. ಅದರ ಮೇಲೆ ಪ್ರತಿ ೩ ಡೆಸಿಬೆಲ್ಲಿಗೂ ಕಾಲಾವಧಿ ಅರ್ಧವಾಗುತ್ತ ಬಂದು ೯೪ ಡೆಸಿಬೆಲ್ಲಿಗೆ ಒಂದೇ ಗಂಟೆ ಉಳಿಯುತ್ತದೆ. ದಿನವೆಲ್ಲ ಬಂಡಿ ನಡೆಸಿ ಹೊಟ್ಟೆ ಹೊರೆಯುವವರಿಗೆ ಇದು ಲಘುವಾದ ಲೆಕ್ಕವಲ್ಲ. ಸ್ಪೀಕರು ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಅತಿಯಾದ ಸದ್ದಿನಿಂದ ಒಳಗಿವಿಯ ಸೂಕ್ಷ್ಮರೋಮಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಕೇಳಿಸದಷ್ಟು ಜೋರಾದ ಹಾಡು ಒಳಗಿನವರಿಗೂ ಹೊರಗಿನವರಿಗೂ ಅಪಾಯ. ದೋಷದ ನೆಲೆಯನ್ನರಿತು ಅಲ್ಲಿಯೇ ತಿದ್ದಿದವನಿಗೆ ಸದ್ದನ್ನು ಏರಿಸುವ ಅಗತ್ಯ ಬೀಳದು. ಹಣವೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.